ಐದು 'ಲೀಡಿಂಗ್' ಹೋಗಿ ಒಂದು 'ಫಾರ್ಮರ್-ಓನ್ಡ್' ಬಂತು

ಹೋದ ಶನಿವಾರ ಕ್ಲಾಸು ಮುಗಿಸಿ ಸ್ಟಾಫ್‌ರೂಮಿನಲ್ಲಿ ಕೂತಿದ್ದೆ. ನಮ್ಮ ಫೈನಲ್ ಇಯರ್ ಮಕ್ಕಳು ಇನ್ನೇನು ಇಂಟರ್‌ವ್ಯೂಗಳಿಗೆ ಹೋಗುವವರು. ಅವರಿಗಾಗಿ ಕರ್ನಾಟಕದ ಎಂಟು ದೊಡ್ಡ ಸಂಸ್ಥೆಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದೊಂದು ಸಾಲು ಬರೆಯಬೇಕಿತ್ತು. ಒಂದು ಸಂಸ್ಥೆಗೆ ಒಂದೇ ವಿಶೇಷಣ, ಜಾಸ್ತಿ ಅಂದರೆ ಎರಡು.

ಬೇಗ ಬೇಗ ಬರೆದು ಕಾಮರ್ಸ್ ಮೇಡಂ ಕೈಗೆ ಕೊಟ್ಟೆ. ಅವರು ಐದು ಕಡೆ ಪೆನ್ನಿನಿಂದ ಸುತ್ತು ಹಾಕಿದರು. ಐದೂ ಕಡೆ 'ಲೀಡಿಂಗ್' ಅಂತಲೇ ಇತ್ತು!

"ಸರ್, ಇದನ್ನ ಇಲ್ಲಿಂದ ಕಿತ್ತು ಅಲ್ಲಿಗೆ ಹಾಕಿದ್ರೂ ನಡೆಯುತ್ತೆ ಅಲ್ವಾ?"

ನಡೆಯುತ್ತಿತ್ತು. ಐದನ್ನೂ ಹೊಡೆದುಹಾಕಿದೆ.

ಕೆನರಾ ಬ್ಯಾಂಕಿನದು ಸುಲಭವಾಗಿತ್ತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು 1969ರಲ್ಲಿ ಸರ್ಕಾರದ್ದಾಯಿತು. 'ನ್ಯಾಷನಲೈಸ್ಡ್' ಅಂದರೆ ಸಾಕು.

ವಿಮಾನ ಮಾಡುವ ಎಚ್‌ಎಎಲ್ ಹತ್ತಿರ ಮೇಡಂ ಮತ್ತೆ ನಿಂತರು. ನಾನು 'ಸ್ಟೇಟ್-ಓನ್ಡ್' ಅಂತ ಬರೆದಿದ್ದೆ. ಇಂಗ್ಲಿಷ್ ಪೇಪರುಗಳಲ್ಲಿ ಹಾಗೇ ಬರುತ್ತದೆ.

"ಯಾವ ಸ್ಟೇಟು ಸರ್?"

ಒಳ್ಳೆ ಪ್ರಶ್ನೆ. ಆ ಪದದಲ್ಲಿ 'ಸ್ಟೇಟ್' ಅಂದರೆ ಸರ್ಕಾರ, ಅಷ್ಟೆ. ನಮ್ಮ ಮಕ್ಕಳಿಗೆ ಅದು ರಾಜ್ಯ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಇದನ್ನು ಶುರು ಮಾಡಿದಾಗ ಮೈಸೂರು ಸಂಸ್ಥಾನವೂ ಹಣ ಹಾಕಿತ್ತು, ನಿಜ. ಆದರೆ ಇವತ್ತು ಅದರ ದೊಡ್ಡ ಪಾಲು ಇರುವುದು ಕೇಂದ್ರದ ಕೈಯಲ್ಲಿ. ಅದಕ್ಕೆ 'ಪಬ್ಲಿಕ್-ಸೆಕ್ಟರ್' ಅಂತ ಹಾಕಿ, 'ಸ್ಟೇಟ್-ಓನ್ಡ್' ಅನ್ನು ಮೈಸೂರ್ ಸ್ಯಾಂಡಲ್ ಸೋಪು ಮಾಡುವ ಕೆಎಸ್‌ಡಿಎಲ್‌ಗೆ ಕೊಟ್ಟೆ. ಅದು ನಿಜವಾಗಿಯೂ ರಾಜ್ಯದ್ದು.

ಕೊನೆಗೆ ಉಳಿದದ್ದು ನಂದಿನಿಯ ಕೆಎಂಎಫ್. ಅದಕ್ಕೆ 'ಜೈಂಟ್' ಅಂತ ಬರೆದಿದ್ದೆ. ಮೇಡಂ ಏನೂ ಹೇಳಲಿಲ್ಲ. ನನಗೇ ಸಮಾಧಾನವಾಗಲಿಲ್ಲ.

ನಮ್ಮೂರಲ್ಲಿ ಅದರ ಹಾಲಿನ ಸಂಘಕ್ಕೆ ಡೈರಿ ಅನ್ನುತ್ತಾರೆ. ಬೆಳಗ್ಗೆ ಆರಕ್ಕೆ ಅಮ್ಮ ಸ್ಟೀಲ್ ಕ್ಯಾನು ಹಿಡಿದು ಸಾಲಲ್ಲಿ ನಿಲ್ಲುತ್ತಿದ್ದಳು. ಕ್ಯಾನಿನ ಮುಚ್ಚಳ ಸಡಿಲ, ಅದಕ್ಕೆ ಒಂದು ಬಟ್ಟೆ ತುಂಡು ಸುತ್ತಿರುತ್ತಿದ್ದಳು. ಸೆಕ್ರೆಟರಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ನಿಲ್ಲುವ ತನಕ ಕಾದು, ಪಾಸ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಬಟವಾಡೆ ಬಂದ ದಿನ ನಮಗೆ ಬನ್ನು ಸಿಗುತ್ತಿತ್ತು. ಇಂಥ ಊರೂರಿನ ಸಂಘಗಳು ಸೇರಿ ಜಿಲ್ಲಾ ಒಕ್ಕೂಟಗಳು, ಒಕ್ಕೂಟಗಳು ಸೇರಿ ಮಹಾಮಂಡಳ, ಅಂದರೆ ಕೆಎಂಎಫ್. ಇಷ್ಟೆಲ್ಲ ಇರುವಾಗ ಬರೀ 'ಜೈಂಟ್' ಅಂದರೆ ಆ ಸಾಲಲ್ಲಿ ನಿಂತವರು ಯಾರೂ ಕಾಣುವುದಿಲ್ಲ.

'ಕೋಆಪರೇಟಿವ್' ಸರಿಯಾದ ಪದವೇ. ಆದರೆ ಪೇಟೆಯ ಮಕ್ಕಳು ಅದನ್ನು ಸುಮ್ನೆ ಓದಿಕೊಂಡು ಮುಂದೆ ಹೋಗುತ್ತಾರೆ. ಅದಕ್ಕೇ 'ಫಾರ್ಮರ್-ಓನ್ಡ್', ಅಂದರೆ ರೈತರದ್ದೇ, ಅಂತ ಬರೆದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಆ ಪದದ ಅರ್ಥ ಹೇಳಿದೆ.

"ಹೂಂ, ಮತ್ತೆ? ನಾನೂ ಷೇರು ಕಟ್ಟಿದೀನಿ ಕಣಪ್ಪ. ರಸೀದಿ ಇನ್ನೂ ಟ್ರಂಕಲ್ಲಿದೆ" ಅಂದಳು.