“ಏನಿಲ್ಲ ಸರ್” ಅಂದು ಹೊರಟುಹೋದ ಹುಡುಗ

ಗೋದಾಮಿನ ಡಿಸ್ಪ್ಯಾಚ್ ವಿಭಾಗದಲ್ಲಿ ನನಗೀಗ 11 ವರ್ಷ. ಮೊದಲ 4 ವರ್ಷ ಪ್ಯಾಕಿಂಗ್ ಟೇಬಲ್ ಹತ್ತಿರ ನಿಂತು ಕೆಲಸ ಮಾಡಿದೆ. ಆಮೇಲೆ ಶಿಫ್ಟ್ ಸೂಪರ್‌ವೈಸರ್ ಆದೆ. 14 ಜನರ ತಂಡ ನನ್ನ ಕೈಗೆ ಬಂತು. ತಂಡ ನಡೆಸುವುದು ಅಂದರೆ ಏನು ಅಂತ ನನಗೆ ಕಲಿಸಿದ್ದು ಆ ಮೊದಲ ವರ್ಷದಲ್ಲಿ ನಾನೇ ಮಾಡಿದ ಒಂದು ತಪ್ಪು.

ಒಂದು ದಿನ ತಪ್ಪು ಲೇಬಲ್ ಅಂಟಿಸಿದ ಸರಕು ವಾಪಸ್ ಬಂದಿತ್ತು. ಶಿಫ್ಟ್ ಶುರುವಾಗುವ ಮುಂಚೆ ಎಲ್ಲರೂ ಸೇರಿದ್ದರು. ನಾನು ಅದನ್ನು ಪ್ಯಾಕ್ ಮಾಡಿದವರನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನನಗೆ ಟೇಪ್ ಹಚ್ಚುವುದನ್ನು ಕಲಿಸಿದವರು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ.

ಅದಾದ ಮೇಲೆ ಎರಡು ತಿಂಗಳು ನಮ್ಮ ರಿಜಿಸ್ಟರ್‌ನಲ್ಲಿ ತಪ್ಪುಗಳೇ ಇಲ್ಲ. ನನಗೆ ಖುಷಿಯೋ ಖುಷಿ. ಬಿಗಿ ಹಿಡಿದರೆ ಜನ ಸರಿಯಾಗುತ್ತಾರೆ ಅಂತ ನಂಬಿದ್ದೆ. ಆದರೆ ಗ್ರಾಹಕರಿಂದ ವಾಪಸ್ ಬರುವ ಸರಕು ಮಾತ್ರ ಜಾಸ್ತಿ ಆಗುತ್ತಲೇ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಒಂದು ರಾತ್ರಿ ಲಾರಿ ಲೋಡ್ ಆಗಿ ನಿಂತಿತ್ತು. ನಾನು ಫೋನಿನಲ್ಲಿದ್ದೆ. ಒಬ್ಬ ಹುಡುಗ ನನ್ನ ಟೇಬಲ್ ಹತ್ತಿರ ಬಂದು ನಿಂತ. ಕೈಯಲ್ಲಿ ಕಿತ್ತು ತೆಗೆದ ಒಂದು ಲೇಬಲ್. ಅದರ ಅಂಟು ಹೆಬ್ಬೆರಳಿಗೆ ಹತ್ತಿತ್ತು, ಅದನ್ನು ಸುಮ್ನೆ ಉಜ್ಜುತ್ತಾ ನಿಂತಿದ್ದ. ನಾನು ಫೋನ್ ಕಿವಿಯಲ್ಲೇ ಇಟ್ಟುಕೊಂಡು ಹುಬ್ಬು ಗಂಟಿಕ್ಕಿ “ಏನು?” ಅಂದೆ.

“ಏನಿಲ್ಲ ಸರ್.”

ಹೊರಟುಹೋದ. ಲಾರಿಯೂ ಹೋಯಿತು. ಮೂರನೇ ದಿನ ಇಬ್ಬರು ಗ್ರಾಹಕರಿಂದ ಫೋನ್: ಇವರ ಸರಕು ಅವರಿಗೆ, ಅವರದ್ದು ಇವರಿಗೆ. ಹುಡುಗನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. ಅವನು ಹೇಳಿದ್ದು ಇಷ್ಟೇ: “ಹೇಳೋಕೇ ಬಂದಿದ್ದೆ ಸರ್. ಆವತ್ತು ಅಣ್ಣಂಗೆ ಬೈದಿದ್ದು ನೆನಪಾಯ್ತು.”

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪುಗಳು ಕಡಿಮೆ ಆಗಿರಲಿಲ್ಲ. ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದ್ದವು, ಅಷ್ಟೇ.

ಎಷ್ಟೋ ದಿನದ ಮೇಲೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ ಅವರ ಸಂಶೋಧನೆ ಬಗ್ಗೆ ಓದಿದಾಗ ನಮ್ಮ ಗೋದಾಮಿನ ಕಥೆಯನ್ನೇ ಓದಿದ ಹಾಗಾಯಿತು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತೆ ಅಂತ ಅಂದುಕೊಂಡು ಹೊರಟಿದ್ದರು. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ. ಯಾಕೆ ಅಂತ ಹುಡುಕಿದಾಗ ಗೊತ್ತಾಗಿದ್ದು, ಆ ತಂಡಗಳಲ್ಲಿ ಜನ ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ತಪ್ಪನ್ನು ಹೇಳಿಕೊಂಡರೆ ಯಾರೂ ಅವಮಾನ ಮಾಡಲ್ಲ ಅನ್ನುವ ಈ ನಂಬಿಕೆಯನ್ನು 1999ರ ಪ್ರಬಂಧದಲ್ಲಿ ಅವರು ತಂಡದ ಮಾನಸಿಕ ಸುರಕ್ಷತೆ ಅಂತ ಕರೆದರು.

ಟೊಯೋಟಾ ಕಾರ್ಖಾನೆಗಳಲ್ಲಿ ಇದಕ್ಕೆ ಒಂದು ಹಗ್ಗವೇ ಇತ್ತು. ಏನೋ ಸರಿ ಇಲ್ಲ ಅನ್ನಿಸಿದರೆ ಲೈನಿನಲ್ಲಿರುವ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದು. ಎಳೆದ ತಕ್ಷಣ ಲೈನ್ ನಿಲ್ಲುವುದಿಲ್ಲ. ಮೊದಲು ದೀಪ ಹೊತ್ತುತ್ತೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಲೈನಿನ ಮೇಲೆ ಸಾಗುವ ಕಾರು ಆ ಜಾಗದ ಗೆರೆ ದಾಟುವುದರೊಳಗೆ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ಓಡಿ ಬರುವುದು. ಕರೆದವನ ಹತ್ತಿರ ಲೀಡರ್ ಬರುವುದು ಸಹಾಯಕ್ಕೆ. ನನ್ನ ಟೇಬಲ್ ಹತ್ತಿರ ಆ ಹುಡುಗನೇ ನಡೆದು ಬಂದಿದ್ದ, ನಾನು ಕುರ್ಚಿಯಿಂದ ಏಳಲೂ ಇಲ್ಲ.

ಮೊದಲು ಮಾಡಿದ ಕೆಲಸ, ಕ್ಷಮೆ ಕೇಳಿದ್ದು. ಬೈದಿದ್ದು ಎಲ್ಲರ ಮುಂದೆ ಅಲ್ವಾ, ಹಾಗಾಗಿ ಕ್ಷಮೆಯನ್ನೂ ಅಲ್ಲೇ, ಅದೇ ಜಾಗದಲ್ಲಿ ನಿಂತು ಕೇಳಿದೆ. “ಆವತ್ತು ನಾನು ಹಾಗೆ ಮಾತಾಡಬಾರದಿತ್ತು ಅಣ್ಣ, ತಪ್ಪಾಯ್ತು” ಅಂದೆ. ಅವರು “ಬಿಡಿ ಸರ್, ಆಗಿದ್ದಾಯ್ತು” ಅಂದರು. ಆದರೆ ಅವರ ಮುಖ ಸಡಿಲವಾಗಲು ಇನ್ನೂ ಕೆಲವು ವಾರ ಬೇಕಾಯಿತು. ಒಂದು ನಿಮಿಷದಲ್ಲಿ ಮುರಿದಿದ್ದನ್ನು ಒಂದು ನಿಮಿಷದಲ್ಲಿ ಜೋಡಿಸೋಕೆ ಆಗಲ್ಲ.

ಆಮೇಲೆ ಪ್ರತಿ ವಾರ ನನ್ನದೇ ಒಂದು ತಪ್ಪನ್ನು ಮೊದಲು ಹೇಳಲು ಶುರು ಮಾಡಿದೆ. ಗೇಟ್ ನಂಬರ್ ತಪ್ಪಾಗಿ ಬರೆದದ್ದು, ಲಾರಿಗೆ ತಡವಾಗಿ ಫೋನ್ ಮಾಡಿದ್ದು. ಮೂರನೇ ವಾರ ಒಬ್ಬರು ಬಾಯಿ ಬಿಟ್ಟರು. ಯಾರಾದರೂ ಬಂದು ಹೇಳಿದಾಗ ನನ್ನ ಮೊದಲ ಮಾತು ಏನಿರಬೇಕು ಅಂತಲೂ ಗಟ್ಟಿ ಮಾಡಿಕೊಂಡೆ: “ಹೇಳಿದ್ದು ಒಳ್ಳೇದಾಯ್ತು. ಸರಕು ಈಗ ಎಲ್ಲಿದೆ?” ಯಾರು ಮಾಡಿದ್ದು ಅನ್ನುವ ಪ್ರಶ್ನೆಯನ್ನು ಬಿಟ್ಟೇಬಿಟ್ಟೆ.

ಆಗ ಗೊತ್ತಾಗಿದ್ದು ನೋಡಿ. ಲೇಬಲ್ ಅದಲು ಬದಲಾಗುತ್ತಿದ್ದದ್ದು ಯಾರ ಸೋಮಾರಿತನದಿಂದಲೂ ಅಲ್ಲ. ಎರಡು ಪ್ರಿಂಟರ್ ಅಕ್ಕಪಕ್ಕ ಇದ್ದವು. ಎರಡರ ಲೇಬಲ್ಲೂ ಬಂದು ಬೀಳುತ್ತಿದ್ದದ್ದು ಒಂದೇ ಟ್ರೇಗೆ. ಅದನ್ನು ತೋರಿಸಿಕೊಟ್ಟಿದ್ದು ಅದೇ ಹುಡುಗ. ಪ್ರಿಂಟರ್‌ಗಳನ್ನು ಬೇರೆ ಬೇರೆ ಟೇಬಲ್‌ಗೆ ಹಾಕಿದೆವು. ಖರ್ಚು ಏನೂ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಆ ಪ್ರಿಂಟರ್ ಪಕ್ಕ ನಿಂತು ಕೆಲಸ ಮಾಡುವವರಿಗೆ ಅದು ಮೊದಲಿಂದಲೂ ಕಾಣುತ್ತಿತ್ತು. ಅವರನ್ನು ಕೇಳಿದವರೇ ಇರಲಿಲ್ಲ.

ಹುರುಪು ಅನ್ನುವುದು ಎಲ್ಲಿಂದ ಬರುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದು ಆವಾಗಲೇ. ಮುಂಚೆ ಒಮ್ಮೆ ಸ್ಫೂರ್ತಿ ತುಂಬಲು ಹೊರಗಿನವರನ್ನು ಕರೆಸಿ ಭಾಷಣ ಮಾಡಿಸಿದ್ದೆವು. ಅದರ ಬಿಸಿ ಎರಡು ದಿನ ಇತ್ತು. ಪ್ರಿಂಟರ್ ಜಾಗ ಬದಲಾದ ಮೇಲೆ ಆ ಹುಡುಗ ಶಿಫ್ಟ್‌ಗೆ ಹತ್ತು ನಿಮಿಷ ಮುಂಚೆ ಬಂದು ಟ್ರೇ ನೋಡಿಕೊಳ್ಳುತ್ತಿದ್ದ. ಯಾರೂ ಹೇಳಿರಲಿಲ್ಲ. ತಿಂಗಳಿಗೊಮ್ಮೆ ಅತಿ ಹೆಚ್ಚು ಪ್ಯಾಕ್ ಮಾಡಿದವರಿಗೆ ಕೊಡುತ್ತಿದ್ದ ಬಹುಮಾನವನ್ನೂ ನಿಲ್ಲಿಸಿದೆ. ಅದಕ್ಕಾಗಿ ಜನ ಸುಲಭದ ಪೆಟ್ಟಿಗೆ ಆರಿಸಿಕೊಂಡು ಕಷ್ಟದ್ದನ್ನು ಪಕ್ಕದವರಿಗೆ ತಳ್ಳುತ್ತಿದ್ದರು.

ಇದರ ಅರ್ಥ ಏನು ಮಾಡಿದರೂ ನಡೆಯುತ್ತೆ ಅಂತಲ್ಲ. ಎಷ್ಟು ಹೇಳಿದರೂ ಸ್ಕ್ಯಾನ್ ಮಾಡದೆ ಸರಕು ಕಳಿಸುತ್ತಿದ್ದ ಒಬ್ಬರ ಜೊತೆ ಕೂತು ನೇರವಾಗಿಯೇ ಮಾತಾಡಿದ್ದೇನೆ, ಕೊನೆಗೆ ಅವರನ್ನು ಬೇರೆ ಕೆಲಸಕ್ಕೆ ಹಾಕಿದ್ದೇನೆ. ಆದರೆ ಅದೆಲ್ಲ ಬಾಗಿಲು ಹಾಕಿಕೊಂಡು, ಇಬ್ಬರೇ ಕೂತು.

ಕಳೆದ ತಿಂಗಳು ಹೊಸದಾಗಿ ಸೇರಿದ ಒಬ್ಬ ಹುಡುಗಿ, ಬಂದು ಹತ್ತು ದಿನವೂ ಆಗಿರಲಿಲ್ಲ, ಲಾರಿಯ ಬಾಗಿಲು ಹಾಕುತ್ತಿದ್ದಾಗ ಓಡಿ ಬಂದಳು. “ಸರ್, ನಿಲ್ಸಿ! ಒಂದು ಪೆಟ್ಟಿಗೆ ತಪ್ಪಾಗಿ ಹಾಕ್ಬಿಟ್ಟಿದೀನಿ, ನಂದೇ ತಪ್ಪು.” ಅದು ಇದ್ದದ್ದು ತೀರಾ ಒಳಗೆ. ಅರ್ಧ ಲಾರಿ ಇಳಿಸಬೇಕಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಲಾರಿ ಹತ್ತಿ ಪೆಟ್ಟಿಗೆ ಇಳಿಸಿಕೊಡಲು ಶುರು ಮಾಡಿದವರು, ನಾನು ಅವತ್ತು ಬೈದಿದ್ದ ಅದೇ ಅಣ್ಣ. “ಹೇಳಿದ್ಯಲ್ಲ ಬಿಡಮ್ಮ, ಹಿಡ್ಕೋ ಇದನ್ನ” ಅಂದರು.