ಸಂಶೋಧನೆ ಆಗಿದೆಯಂತೆ, ಹೌದಾ?

ಕೊಡಗಿನ ಆಸ್ಪತ್ರೆಯೊಂದರಲ್ಲಿ ಔಷಧ ವಿತರಿಸುವ ಕಿಟಕಿಯ ಹಿಂದೆ ನನ್ನ ಕೆಲಸ. ಮಾತ್ರೆ ಎಣಿಸಿ ಕೊಟ್ಟು ‘ಊಟವಾದ ಮೇಲೆ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಜನ ಮೊಬೈಲ್ ತೆಗೆದು ತೋರಿಸುತ್ತಾರೆ. “ಮೇಡಂ, ಇದರ ಮೇಲೆ ಸಂಶೋಧನೆ ಆಗಿದೆಯಂತೆ, ಹೌದಾ?” ತೂಕ ಇಳಿಸುವ ಕ್ಯಾಪ್ಸೂಲ್, ಸಕ್ಕರೆ ಕಾಯಿಲೆಗೆ ಬೇರಿನ ಪುಡಿ, ಮಂಡಿನೋವಿಗೆ ಬಿಸಿ ಕೊಡುವ ಯಂತ್ರ, ಹೀಗೆ ದಿನಕ್ಕೊಂದು. ಬಹಳ ಸಲ ಇದಕ್ಕೆ ಪ್ರಾಮಾಣಿಕ ಉತ್ತರ ‘ಹೌದು, ಆಗಿದೆ’ ಎಂದೇ. ಆದರೆ ಆ ‘ಹೌದು’ ಎಂಬುದರಿಂದ ರೋಗಿಗೆ ತಿಳಿಯುವುದು ಏನೂ ಇಲ್ಲ. ಸಂಶೋಧಕರು ಯಾವ ಪ್ರಶ್ನೆ ಕೇಳಿದರು, ಯಾವುದರ ಮೇಲೆ ಪರೀಕ್ಷಿಸಿದರು, ಸಿಕ್ಕ ಉತ್ತರ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ವಿಚಾರಿಸುವುದೇ ಈ ಕಿಟಕಿ ನನಗೆ ಕಲಿಸಿದ ಪಾಠ.

ಕಾಚಂಪುಳಿಯ ಉದಾಹರಣೆ ತೆಗೆದುಕೊಳ್ಳಿ. ಕೊಡಗಿನವರಿಗೆ ಅದರ ಪರಿಚಯ ಬೇಕಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ, ಉಪ್ಪಾಗೆ ಮರದ ಕಳಿತ ಹಣ್ಣಿನಿಂದ ಇಳಿಯುವ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದರೆ ಸಿಗುವ ಹುಳಿ ಇದು. ನಮ್ಮ ಹಂದಿಮಾಂಸದ ಅಡುಗೆ ಪಂದಿ ಕರಿಯ ಬಣ್ಣ, ರುಚಿ ಎರಡೂ ಇದರದ್ದೇ. ಆ ಹಣ್ಣಿನ ಹುಳಿ ನಿಂಬೆಯದ್ದೂ ಅಲ್ಲ, ಹುಣಸೆಯದ್ದೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಲೂಯಿಸ್ ಮತ್ತು ನೀಲಕಂಠನ್. ಅದು ಆಹಾರ ರಸಾಯನ ಶಾಸ್ತ್ರದ ಪ್ರಶ್ನೆ, ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕಿತು. ಮುಂದೆ 1969ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿಗಳು, ದೇಹ ಕೊಬ್ಬನ್ನು ತಯಾರಿಸುವಾಗ ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡುಕೊಂಡರು. ಅದೂ ನಿಜವೇ. ಕ್ಯಾಪ್ಸೂಲ್ ಮಾರುವವರು ಈ ಎರಡು ನಿಜಗಳನ್ನು ಜೋಡಿಸಿ ಡಬ್ಬಿಯ ಮೇಲೆ ‘ವೈಜ್ಞಾನಿಕ’ ಎಂದು ಬರೆದುಬಿಟ್ಟರು.

ಆದರೆ ಇದನ್ನು ನುಂಗಿದ ಮನುಷ್ಯನ ತೂಕ ಇಳಿಯುತ್ತದೆಯೇ? ಅದು ಬೇರೆಯೇ ಪ್ರಶ್ನೆ. ಕಿಣ್ವ ತಡೆದ ಮಾತ್ರಕ್ಕೆ ಸೊಂಟದ ಸುತ್ತಳತೆ ಕಡಿಮೆಯಾಗಬೇಕೆಂಬ ನಿಯಮವಿಲ್ಲ. ಆ ಪ್ರಶ್ನೆಯನ್ನು ನೇರವಾಗಿ ಕೇಳಿದ ಅಧ್ಯಯನವೊಂದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಆಮ್ಲದ ಮಾತ್ರೆ, ಇನ್ನೊಂದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಎರಡೂ ಗುಂಪಿಗೆ ಒಂದೇ ಬಗೆಯ ಪಥ್ಯ. ಯಾರಿಗೆ ಯಾವುದು ಸಿಕ್ಕಿದೆ ಎಂದು ನುಂಗುವವರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. 12 ವಾರಗಳ ನಂತರ ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದಿದ್ದರು, ಹುಸಿ ಮಾತ್ರೆ ತೆಗೆದುಕೊಂಡವರು 4.1 ಕಿಲೊ. ಸಂಖ್ಯಾಶಾಸ್ತ್ರದ ಪ್ರಕಾರ ಆ ವ್ಯತ್ಯಾಸಕ್ಕೆ ಅರ್ಥವಿಲ್ಲ. ಎಂದರೆ ಪಥ್ಯ ಕೆಲಸ ಮಾಡಿತ್ತು, ಮಾತ್ರೆಯಲ್ಲ. ಇಂಥ ಕ್ಯಾಪ್ಸೂಲ್ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಆಮೇಲೆ ವರದಿಯಾದವು.

ಇದನ್ನು ಹೇಳಿದಾಗ ಒಬ್ಬ ಅಮ್ಮ ನನ್ನೊಡನೆ ವಾದಕ್ಕೆ ನಿಂತರು. “ನಮ್ಮ ಅಜ್ಜಿಯ ಕಾಲದಿಂದ ತಿನ್ನುತ್ತಿದ್ದೇವೆ, ಯಾರಿಗೆ ಏನಾಗಿದೆ?” ಅವರ ಮಾತು ನ್ಯಾಯವಾದದ್ದೇ. ಆದರೆ ಸಾರಿಗೆ ಒಂದು ಚಮಚ ಹಾಕುವುದು ಬೇರೆ, ಸಾರ ಹಿಂಡಿ ತುಂಬಿದ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ದಿನಕ್ಕೆ ಮೂರು ಹೊತ್ತು ನುಂಗುವುದು ಬೇರೆ. ಅಜ್ಜಿಯ ಅನುಭವ ಮೊದಲನೆಯದಕ್ಕೆ ಸಾಕ್ಷಿ, ಎರಡನೆಯದಕ್ಕೆ ಅಲ್ಲ. ಹೀಗೆ ಬಿಡಿಸಿ ಹೇಳಿದ ಮೇಲೆ ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮೊದಲು ಡಾಕ್ಟರಿಗೆ ತೋರಿಸಿ ಬರುತ್ತೇನೆಂದು ಹೊರಟರು.

ಹಾಗೆಂದು ನಾಟಿ ಮದ್ದಿನ ಹೆಸರೆತ್ತಿದರೆ ಮುಖ ಗಂಟಿಕ್ಕುವವರನ್ನೂ ನಾನು ಒಪ್ಪುವುದಿಲ್ಲ. ಗದರಿಸಿದರೆ ಜನ ಮುಂದಿನ ಸಲ ಬಾಯಿ ಬಿಡುವುದಿಲ್ಲ, ಅಷ್ಟೆ. ಅವರು ಮನೆಯಲ್ಲಿ ಏನು ಕುಡಿಯುತ್ತಾರೆಂದು ತಿಳಿಯದೆ ರಕ್ತ ತೆಳುವಾಗಿಸುವ ಮಾತ್ರೆಯನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಕೊಡುವುದು ಅಪಾಯ. ಅದಕ್ಕೇ ನಮ್ಮಲ್ಲಿ ಈಗ ಎಲ್ಲರನ್ನೂ ಕೇಳುತ್ತೇವೆ: ಬೇರೆ ಏನಾದರೂ ಕಷಾಯ, ಪುಡಿ, ಲೇಹ್ಯ ತೆಗೆದುಕೊಳ್ಳುತ್ತಿದ್ದೀರಾ? ಉತ್ತರವನ್ನು ಚೀಟಿಯ ಹಿಂದೆ ಬರೆದು ಡಾಕ್ಟರಿಗೆ ತಲುಪಿಸುತ್ತೇವೆ. ಆ ಒಂದು ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ ಆಗಸ್ಟ್ ಮೊದಲ ವಾರ ಇಲ್ಲಿರಬೇಕು. ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ಕಡುನೇರಳೆ ರಸದಲ್ಲಿ ಪಾಯಸ ಮಾಡಿ ತಿನ್ನುತ್ತಾರೆ. ಮರುದಿನ ಮೂತ್ರ ಕೆಂಪಾಗುತ್ತದೆ. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ವೈದ್ಯರು ಗಾಬರಿಯಾಗಿ ಪರೀಕ್ಷೆ ಬರೆಯುವ ಹೊತ್ತಿಗೆ ನಮ್ಮ ಸಿಸ್ಟರ್ ಮೊದಲು ಕೇಳುವುದು, “ನಿನ್ನೆ ಮದ್ದು ಪಾಯಸ ತಿಂದಿರಾ?” ಎಂದು. ಆ ಸೊಪ್ಪಿನ ಸಾರದ ಮೇಲೂ ಪ್ರಯೋಗಾಲಯಗಳಲ್ಲಿ ಕೆಲಸ ನಡೆದಿದೆ, ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣ ಕಂಡಿದೆ. ಅದು ಗಾಜಿನ ಕೊಳವೆಯೊಳಗಿನ ಉತ್ತರ. ನಾನಂತೂ ಪ್ರತಿವರ್ಷ ತಿನ್ನುತ್ತೇನೆ. ಅದು ನನ್ನ ಹಬ್ಬ, ಅದಕ್ಕೆ ಪ್ರಯೋಗಾಲಯದ ಅನುಮತಿ ಬೇಕಿಲ್ಲ.

ಇನ್ನು ಎಂಜಿನಿಯರುಗಳ ಸಂಶೋಧನೆ. ಔಷಧಾಲಯದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ಫ್ರಿಜ್‌ನ ರೂಪದಲ್ಲಿ ಮೂಲೆಯಲ್ಲಿ ನಿಂತಿರುತ್ತದೆ. ಮಳೆಗಾಲದಲ್ಲಿ ಬಿರುನಾಣಿ ಕಡೆ ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಲಸಿಕೆಗಳನ್ನು ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇಡಬೇಕು. ಲಸಿಕೆಗಾಗಿಯೇ ಮಾಡಿದ ಫ್ರಿಜ್‌ನ ಗೋಡೆಯೊಳಗೆ ಮಂಜುಗಡ್ಡೆಯ ಪದರವಿರುತ್ತದೆ. ದಿನಕ್ಕೆ 8 ಗಂಟೆ ವಿದ್ಯುತ್ ಸಿಕ್ಕಿದರೂ ಒಳಗಿನ ತಂಪು ಕೆಡುವುದಿಲ್ಲ. ಲಸಿಕೆಯ ಸೀಸೆಯ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಬಿಸಿ ತಗಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಮುಟ್ಟಿತೆಂದರೆ ಆ ಸೀಸೆ ಬಳಸುವಂತಿಲ್ಲ. ಓದು ಬರಹದ ಹಂಗಿಲ್ಲದ ಈ ಗುರುತನ್ನು ನಾನು ತುಂಬ ಮೆಚ್ಚುತ್ತೇನೆ.

ಹೊಸಬರಿಗೆ ನಾನು ಒತ್ತಿ ಹೇಳುವುದು ಇನ್ನೊಂದು ಇದೆ. ಬಿಸಿಯ ಭಯದಲ್ಲಿ ಎಲ್ಲರೂ ಚಳಿಯನ್ನು ಮರೆಯುತ್ತಾರೆ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಲಸಿಕೆ ಒಯ್ಯುವ ಪೆಟ್ಟಿಗೆಗೆ ಇಟ್ಟರೆ ಐದು ರೋಗ ತಡೆಯುವ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿ ಶಕ್ತಿ ಕಳೆದುಕೊಳ್ಳುತ್ತವೆ. ಪ್ಯಾಕನ್ನು ಹೊರಗಿಟ್ಟು, ಅದು ಬೆವರಿ, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಜೋಡಿಸಬೇಕು. ಲಸಿಕೆ ಕೆಲಸ ಮಾಡುತ್ತದೆಯೇ ಎಂಬುದು ವೈದ್ಯಕೀಯದ ಪ್ರಶ್ನೆ. ಕೆಲಸ ಮಾಡುವ ಸ್ಥಿತಿಯಲ್ಲಿಯೇ ಅದು ಕಾಡಂಚಿನ ಹಾಡಿಯ ಮಗುವನ್ನು ತಲುಪುತ್ತದೆಯೇ ಎಂಬುದು ಎಂಜಿನಿಯರಿಂಗ್‌ನ ಪ್ರಶ್ನೆ. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ನಾಟಿ ಅರಿವು, ವೈದ್ಯಕೀಯ, ಎಂಜಿನಿಯರಿಂಗ್, ಈ ಮೂರೂ ಒಟ್ಟಿಗೆ ಸೇರುವುದನ್ನು ನಾನು ಕಾಣುವುದು ಹಾವಿನ ಕಡಿತದ ಔಷಧದಲ್ಲಿ. ಕಾಫಿ ಕೊಯ್ಯುವಾಗ, ಕರಿಮೆಣಸಿನ ಬಳ್ಳಿಯ ಬುಡ ಬಿಡಿಸುವಾಗ ಕಚ್ಚಿಸಿಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ಹಿಂದೆ ಹಾವಿನ ವಿಷಕ್ಕೆ ಸರ್ಪಗಂಧಿಯ ಬೇರು ಕೊಡುವ ರೂಢಿ ಇತ್ತು. ಆ ಬೇರು ವಿಷವನ್ನು ಇಳಿಸುವುದಿಲ್ಲ. ಆದರೆ ಅದು ರಕ್ತದೊತ್ತಡ ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದ ವಿವರಗಳನ್ನು ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಟ್ಟಿತು, ಜಗತ್ತಿನಾದ್ಯಂತ ರಕ್ತದೊತ್ತಡದ ಔಷಧವಾಯಿತು. ಗಿಡದ ಹೆಸರನ್ನು ನಂಬಿ ಕುಳಿತಿದ್ದರೂ, ಮೂಢನಂಬಿಕೆ ಎಂದು ಎಸೆದಿದ್ದರೂ ಇದು ಸಿಗುತ್ತಿರಲಿಲ್ಲ.

ವಿಷಕ್ಕೆ ನಿಜವಾದ ಮದ್ದು ಪ್ರತಿವಿಷ. ಅದರ ಪುಟ್ಟ ಸೀಸೆಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ತಮಿಳುನಾಡಿನ ಇರುಳ ಬುಡಕಟ್ಟಿನವರು ತಲೆಮಾರುಗಳ ಕಾಡಿನ ಅರಿವಿನಿಂದ ಹಾವು ಹಿಡಿಯುತ್ತಾರೆ. 1978ರಲ್ಲಿ ಕಟ್ಟಿದ ಅವರ ಸಹಕಾರ ಸಂಘ ವಿಷ ತೆಗೆದು ಒದಗಿಸುತ್ತದೆ, ಹಾವುಗಳನ್ನು ಮತ್ತೆ ಕಾಡಿಗೆ ಬಿಡುತ್ತದೆ. ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಆಮೇಲೆ ಹೆಪ್ಪುಗಟ್ಟಿಸಿ ಒಣಗಿಸುವ ತಂತ್ರದಿಂದ ಅದು ಪುಡಿಯಾಗುತ್ತದೆ. ಪುಡಿಯಾದದ್ದರಿಂದಲೇ ದ್ರವರೂಪದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ದೂರದ ಆರೋಗ್ಯ ಕೇಂದ್ರಗಳನ್ನೂ ತಲುಪುತ್ತದೆ. ಕೊಡುವ ಮೊದಲು 10 ಮಿಲಿ ಕ್ರಿಮಿರಹಿತ (ಸ್ಟೆರೈಲ್) ನೀರಿನಲ್ಲಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಬಾಗಿಲಲ್ಲಿ ಮನೆಯವರು ಅಳುತ್ತಿರುವಾಗ ಆ ನಿಧಾನವನ್ನು ಕಾಯ್ದುಕೊಳ್ಳುವುದನ್ನು ಕಲಿಯಲು ನನಗೆ ಸಮಯ ಹಿಡಿಯಿತು.

ಆ ಸೀಸೆಯ ಚೀಟಿಯಲ್ಲಿ ನಾಲ್ಕು ಹಾವುಗಳ ಹೆಸರಿದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ತೋಟಗಳ ನೆರಳಿನಲ್ಲಿ, ತರಗೆಲೆಗಳ ನಡುವೆ ಇರುವ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ. ಮೂಗಿನ ತುದಿ ಮೇಲಕ್ಕೆ ಎದ್ದಿರುವ ಗುಳಿಮಂಡಲದ ಕಡಿತ ಪ್ರಾಣಕ್ಕೇ ಕುತ್ತು ತರಬಹುದೆಂದು, ಹಾವನ್ನು ಖಚಿತವಾಗಿ ಗುರುತಿಸಿದ ಪ್ರಕರಣಗಳ ಸಮೇತ, 2007ರಲ್ಲಿ ಕೇರಳದ ವೈದ್ಯರು ವರದಿ ಮಾಡಿದರು. ರಕ್ತ ಹೆಪ್ಪುಗಟ್ಟದೆ ಹೋಗುವುದು, ಮೂತ್ರಪಿಂಡ ಸೋಲುವುದು ಅದರಲ್ಲಿ ಕಂಡುಬರುತ್ತದೆ. ನಮ್ಮಲ್ಲಿರುವ ಪ್ರತಿವಿಷ ಅದಕ್ಕೆ ನಾಟುವುದಿಲ್ಲ. ‘ಹಾವಿನ ಕಡಿತಕ್ಕೆ ಔಷಧ ಇದೆ’ ಎಂಬ ಮಾತು ಎಷ್ಟು ಹಾವುಗಳಿಗೆ ಸಲ್ಲುತ್ತದೆ ಎಂದು ಕೇಳಬೇಕಾದವರು ಮಲೆನಾಡಿನ ನಾವೇ. ತೋಟದ ಕೂಲಿಗಳಿಗೆ ಕಚ್ಚುವ ಹಾವಿನ ಮೇಲೆ ಸಂಶೋಧನೆಗೆ ಹಣ ಹರಿದುಬರಬೇಕಾದರೆ ಮೊದಲು ಆ ಕಡಿತಗಳು ಕಾಗದದ ಮೇಲೆ ಕಾಣಬೇಕು.

ಹಾಗಾಗಿ ನಮ್ಮ ವೈದ್ಯರು, ಸಿಸ್ಟರ್‌ಗಳು ಮತ್ತು ನಾನು ಸೇರಿ ಕಡಿತದ ಪ್ರತಿ ಪ್ರಕರಣಕ್ಕೂ ಪುಸ್ತಕದಲ್ಲಿ ಹೆಚ್ಚಿನ ವಿವರ ಬರೆಯುತ್ತಿದ್ದೇವೆ: ಎಲ್ಲಿ ಕಚ್ಚಿತು, ಯಾವ ಕೆಲಸ ಮಾಡುವಾಗ, ಹಾವು ಹೇಗಿತ್ತು, ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟ ರಕ್ತ ಹೆಪ್ಪುಗಟ್ಟಿತೇ, ಪ್ರತಿವಿಷ ಕೊಟ್ಟ ಮೇಲೆ ಏನಾಯಿತು. ತೋಟ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು. ಹಾವನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ; ಗಾಯವನ್ನು ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ದೂರದಿಂದ ಸುಲಭವಾಗಿ ಸಿಕ್ಕರೆ ಒಂದು ಫೋಟೊ ತೆಗೆಯಿರಿ, ಇಲ್ಲವಾದರೆ ಅದಕ್ಕಾಗಿ ಕಾಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ ಜೀಪಿನಲ್ಲಿ ಮಲಗಿಸಿ ಕರೆತನ್ನಿ, ಕಂಡದ್ದನ್ನು ಕಂಡ ಹಾಗೆ ನಮಗೆ ಹೇಳಿ. ಬರೆದುಕೊಳ್ಳಲು ನಾವು ಕಾಯುತ್ತಿರುತ್ತೇವೆ.