ರಿಪೋರ್ಟ್ ಬರುವಷ್ಟರಲ್ಲಿ ನೀರು ಕುಡಿದಾಗಿರುತ್ತದೆ

18 ಜೂನ್ 2024, ಮಂಗಳವಾರ

ಕುಡಿಯುವ ನೀರಿನ ಪೈಪ್‌ಲೈನಿನ ಕೊನೇ ನಲ್ಲಿಯಲ್ಲಿ ಇವತ್ತು ಕ್ಲೋರಿನ್ ಬರೀ 0.08. ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆ ಹಾಕಿದರೆ ನೀರು ಗುಲಾಬಿ ಆಗಬೇಕು. ಬಣ್ಣ ಬಂತೋ ಇಲ್ವೋ ಅನ್ನುವ ಹಾಗಿತ್ತು. ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕಿತ್ತು. ಟ್ಯಾಂಕ್ ಪಕ್ಕದ ನಲ್ಲಿಯಲ್ಲಿ 0.5 ಇದೆ. ಮಧ್ಯದಲ್ಲಿ ಏನೋ ಅದನ್ನು ತಿಂದು ಹಾಕುತ್ತಿದೆ. ಪೈಪಿನ ಒಳಗೋಡೆಗೆ ಕಟ್ಟಿದ ಲೋಳೆ ಇರಬಹುದು, ಎಲ್ಲೋ ಸೋರಿಕೆಯೂ ಇರಬಹುದು.

‘ಹೋದ ವಾರದ ರಿಪೋರ್ಟ್ ಚೆನ್ನಾಗಿಯೇ ಇತ್ತಲ್ಲ ಮೇಡಂ’ ಅಂದರು ಪಂಪ್ ಆಪರೇಟರ್. ಇತ್ತು. ಅದು ಹೋದ ವಾರದ ನೀರಿನದು.

ನಲ್ಲಿಯ ಬಾಯಿಗೆ ಬೆಂಕಿ ತೋರಿಸಿ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು ಸ್ಯಾಂಪಲ್ ಹಿಡಿದೆ. ಸ್ಟೆರೈಲ್ ಬಾಟಲಿಯ ತಳದಲ್ಲಿ ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಧೂಳು ಅಂದುಕೊಂಡು ಅದನ್ನು ತೊಳೆದು ಹಾಕುವವರಿದ್ದಾರೆ! ಕ್ಲೋರಿನ್ ಅಡಗಿಸುವುದೇ ಆ ಪುಡಿ. ಅದಿಲ್ಲದಿದ್ದರೆ ಲ್ಯಾಬ್ ತಲುಪುವವರೆಗೂ ಬಾಟಲಿಯೊಳಗೇ ಬ್ಯಾಕ್ಟೀರಿಯಾ ಸಾಯುತ್ತಾ ಹೋಗುತ್ತವೆ. ರಿಪೋರ್ಟ್ ಚೆಂದ ಬರುತ್ತದೆ, ನೀರು ಮಾತ್ರ ಇದ್ದ ಹಾಗೇ ಇರುತ್ತದೆ.

100 ಮಿಲಿಲೀಟರ್ ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆ ಫಿಲ್ಟರನ್ನು ಪೆಟ್ರಿ ಡಿಶ್‌ನಲ್ಲಿಟ್ಟು ಇನ್‌ಕ್ಯುಬೇಟರ್‌ಗೆ ಹಾಕಿದೆ. ಬ್ಯಾಕ್ಟೀರಿಯಾ ಬೆಳೆಸಲು ನಾವು ಬಳಸುವ ಮೀಡಿಯಾದಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಬೆಳೆದರೆ ಕಡುನೀಲಿ ಚುಕ್ಕೆ, ಅದೇ ಗುಂಪಿನ ಬೇರೆ ಬ್ಯಾಕ್ಟೀರಿಯಾ (ಕೋಲಿಫಾರ್ಮ್) ಆದರೆ ಗುಲಾಬಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿಲೀಟರ್‌ನಲ್ಲಿ ಒಂದು ಇ. ಕೊಲೈ ಕೂಡ ಕಾಣಬಾರದು. ಇ. ಕೊಲೈಗಳಲ್ಲಿ ಹೆಚ್ಚಿನವು ಪಾಪದವೇ. ಆದರೆ ಅದು ನೀರಿಗೆ ಬರುವುದು ಮಲದಿಂದ. ಅದು ನುಸುಳಿದ ಕಡೆ ಕಾಲರಾ, ಟೈಫಾಯಿಡ್ ರೋಗಾಣುಗಳೂ ನುಸುಳಬಹುದು ಅಲ್ವಾ?

ಚುಕ್ಕೆ ಕಾಣಲು ಸುಮಾರು ಒಂದು ದಿನ ಬೇಕು. ಅಷ್ಟರಲ್ಲಿ ಈ ನೀರನ್ನು ಜನ ಕುಡಿದಿರುತ್ತಾರೆ. ಅದಕ್ಕೇ ನನಗೆ ‘ಇ. ಕೊಲೈ ಇಲ್ಲ’ ಅನ್ನುವ ಕಾಗದಕ್ಕಿಂತ ದಿನಾ ಬರೆದಿಡುವ ಕ್ಲೋರಿನ್, ಕಲಕು (ನೀರಿನ ಮಬ್ಬು) ಪ್ರಮಾಣದ ಪುಸ್ತಕದ ಮೇಲೆ ನಂಬಿಕೆ ಜಾಸ್ತಿ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದಿದ್ದು ಕ್ರಿಪ್ಟೋಸ್ಪೊರಿಡಿಯಂನಿಂದ. ಅದು ಬ್ಯಾಕ್ಟೀರಿಯಾ ಅಲ್ಲ, ಒಂದು ಪರಾವಲಂಬಿ ಜೀವಿ; ಮಾಮೂಲಿ ಕ್ಲೋರಿನ್‌ಗೆ ಬಗ್ಗುವುದೂ ಇಲ್ಲ. ಸುಳಿವು ಕೊಟ್ಟಿದ್ದು ಏರಿದ ಕಲಕು.

ಟ್ಯಾಂಕಿನಲ್ಲೇ ಡೋಸ್ ಏರಿಸಿಬಿಡೋಣ ಅಂದರು ಆಪರೇಟರ್. ಬೇಡ ಅಂದೆ. ಹತ್ತಿರದವರಿಗೆ ವಾಸನೆ, ದೂರದವರಿಗೆ ಅದೇ ಕಥೆ. ನಾಳೆ ರಿಪೋರ್ಟಿಗೆ ಕಾಯದೆ ಬೆಳಿಗ್ಗೆಯೇ ಕೊನೇ ಲೈನಿನ ವಾಲ್ವ್ ತೆರೆದು ನಿಂತ ನೀರು ಹೊರಗೆ ಬಿಡುತ್ತೇವೆ. ಆಮೇಲೆ ಮಧ್ಯದ ನಲ್ಲಿಗಳಲ್ಲಿ ಒಂದೊಂದಾಗಿ ಕ್ಲೋರಿನ್ ನೋಡುತ್ತಾ ಹೋದರೆ ಎಲ್ಲಿ ಬೀಳುತ್ತಿದೆ ಅಂತ ಗೊತ್ತಾಗುತ್ತದೆ.